ತಣ್ಣನೆ ಪೆಟ್ಟಿಗೆ

ಆಂಬ್ಯುಲೆನ್ಸಿನ ನರ್ಸ್ ಆ ರೇಡಿಯೋ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಮೀಟಿಂಗ್ ಕೋಣೆಯ ಮೇಜಿನ ಮೇಲೆ ಇಟ್ಟರು. ಧಡಾರನೆ ಇಡಲಿಲ್ಲ, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇಟ್ಟರು. ಜಗಳಕ್ಕೆ ಬಂದವರು ಹೀಗೆ ಇಡುವುದಿಲ್ಲ ಅಂದುಕೊಂಡು ಸುತ್ತ ಕೂತವರಿಗೆ ಕೊಂಚ ಸಮಾಧಾನವಾಯಿತು.

ಅವರು ಜಗಳ ತೆಗೆಯಲೂ ಇಲ್ಲ. ನಡೆದದ್ದನ್ನು ಹೇಳಿದರು. ಆಂಬ್ಯುಲೆನ್ಸ್ ಓಡುತ್ತಿರುವಾಗಲೇ ರೋಗಿಯ ಸ್ಕ್ಯಾನ್ ಚಿತ್ರವನ್ನು ಆಸ್ಪತ್ರೆಯಲ್ಲಿ ಕೂತ ಡಾಕ್ಟರ ಪರದೆಗೆ ಕಳಿಸುವುದು ಆ ಪೆಟ್ಟಿಗೆಯ ಕೆಲಸ. ಹಿಂದಿನ ವಾರ ಮಟಮಟ ಮಧ್ಯಾಹ್ನ ಒಬ್ಬ ತುಂಬು ಗರ್ಭಿಣಿಯನ್ನು ಕರೆದುಕೊಂಡು ಹೋಗುತ್ತಿದ್ದರು. ರಕ್ತ ನಿಲ್ಲುತ್ತಿರಲಿಲ್ಲ. ಸ್ವಲ್ಪ ಎಡಕ್ಕೆ ಹಿಡಿಯಿರಿ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಡಾಕ್ಟರು ಆ ಕಡೆಯಿಂದ ಹೇಳುತ್ತಿದ್ದಾಗಲೇ ಚಿತ್ರ ನಿಂತುಹೋಯಿತು. ಪೆಟ್ಟಿಗೆ ಕಾದು ಕಾದು ತನ್ನಷ್ಟಕ್ಕೆ ತಾನೇ ಆಫ್ ಆಗಿತ್ತು. ತಾಯಿ ಮಗು ಇಬ್ಬರೂ ಉಳಿದರು, ಅದು ಬೇರೆ ಮಾತು. ಆದರೆ ಉಳಿದ ದಾರಿಯಷ್ಟೂ ಡಾಕ್ಟರು ಕಣ್ಣಿಗೆ ಬಟ್ಟೆ ಕಟ್ಟಿದವರ ಹಾಗೆ ಕೂತಿರಬೇಕಾಯಿತು.

"ಇದು ಕೆಲಸ ಮಾಡುವಾಗ ಇದರಷ್ಟು ಒಳ್ಳೇದು ಇನ್ನೊಂದಿಲ್ಲ," ಎಂದರು ನರ್ಸ್. "ಅದಕ್ಕೇ ಬಂದೆ. ಕೆಲಸಕ್ಕೆ ಬಾರದ್ದಾಗಿದ್ದರೆ ಮೂಲೆಗೆ ಹಾಕಿ ಸುಮ್ಮನಿರ್ತಿದ್ದೆ."

ಎಲ್ಲರ ಕಣ್ಣೂ ಹಿರಿಯ ಇಂಜಿನಿಯರ್ ಕಡೆ ಹೊರಳಿದವು. ಸಂಕೇತಕ್ಕೆ ಬಲ ತುಂಬಿ ಗಾಳಿಗೆ ಬಿಡುವ ಆಂಪ್ಲಿಫೈಯರ್ ಮಾಡಿದವರು ಅವರು. ಪೆಟ್ಟಿಗೆಯಲ್ಲಿ ಕಾಯುವುದೂ ಅದೇ ಭಾಗ. ಕಂಪನಿಯಲ್ಲಿ ಅವರಿಗೆ ಕಾವಲಿ ಎಂದು ಹೆಸರು. ಅವರ ಆಂಪ್ಲಿಫೈಯರ್ ಮೇಲೆ ಮೊಟ್ಟೆ ಹುರಿಯಬಹುದು ಎಂದು ಯಾರೋ ಯಾವ ಕಾಲದಲ್ಲೋ ನಗೆಯಾಡಿದ್ದು ಹಾಗೇ ಅಂಟಿಕೊಂಡಿತ್ತು. ಅವರಿಗೂ ಅದರಿಂದ ಬೇಸರವಿರಲಿಲ್ಲ; ಫೋನ್ ಎತ್ತಿದರೆ ತಾವೇ "ಕಾವಲಿ ಮಾತಾಡ್ತಿರೋದು" ಎನ್ನುತ್ತಿದ್ದರು. ಆವತ್ತು ಮಾತ್ರ ಆ ಹೆಸರು ಯಾರ ಬಾಯಿಗೂ ಬರಲಿಲ್ಲ.

ಕಾವಲಿ ತಮ್ಮ ಪರ ವಾದಿಸಲಿಲ್ಲ. ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಬದಿಯ ಲೋಹದ ಪಟ್ಟಿಗಳ ನಡುವೆ ಸೇರಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ, ನೋಡ್ತೀವಿ ಸಿಸ್ಟರ್ ಎಂದಷ್ಟೇ ಹೇಳಿದರು.

ಮೇಜಿನ ಇನ್ನೊಂದು ತುದಿಯಲ್ಲಿ ಅವರ ಸೊಸೆ ಕೂತಿದ್ದಳು. ಅವಳೂ ಅದೇ ಕಂಪನಿಯ ಇಂಜಿನಿಯರ್. ಗಾಳಿಗೆ ಹೋಗಬೇಕಾದ ಸಂಕೇತವನ್ನು ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ರೂಪಿಸುವುದು ಅವಳ ಕೆಲಸ, ಅದನ್ನು ಗಟ್ಟಿ ಮಾಡಿ ಹೊರಗೆ ಕಳಿಸುವುದು ಮಾವನ ಕೆಲಸ. ಸೊಸೆಯಾಗುವುದಕ್ಕೆ ಮುಂಚೆ ಅವರ ಶಿಷ್ಯೆಯಾಗಿದ್ದವಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗ, ಅಪ್ಪ ಮನೆಯಲ್ಲೇ ಮರೆತು ಬಂದಿದ್ದ ಕನ್ನಡಕ ಕೊಡಲು ಒಂದು ದಿನ ಆಫೀಸಿಗೆ ಬಂದಿದ್ದ. ಕಥೆ ಶುರುವಾದದ್ದು ಅಲ್ಲಿಂದ. "ಕನ್ನಡಕ ಕೊಡೋಕೆ ಬಂದವನು ಕಣ್ಣು ಇಲ್ಲೇ ಬಿಟ್ಟುಹೋದ" ಎಂದು ಕಾವಲಿ ಮದುವೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದರು. ಆಫೀಸಿನಲ್ಲಿ ಅವರು ಅವಳಿಗೆ ಸಾರ್, ಮನೆಯಲ್ಲಿ ಮಾವ. ಇಬ್ಬರೂ ಬೆಳಗ್ಗೆ ಒಟ್ಟಿಗೆ ಬಸ್ ಇಳಿದು, ಟೈರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುತ್ತಿದ್ದರು. ಮೊದಲ ಮೆಟ್ಟಿಲಲ್ಲಿ ಮಾವನಾಗಿದ್ದವರು ಕೊನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಸಾರ್ ಆಗಿರುತ್ತಿದ್ದರು.

ಮೀಟಿಂಗ್ ಮುಗಿಯುವ ಹೊತ್ತಿಗೆ ಅವಳ ಗಂಟಲವರೆಗೆ ಒಂದು ಮಾತು ಬಂದಿತ್ತು. ತಪ್ಪು ಆಂಪ್ಲಿಫೈಯರ್‌ನದಲ್ಲ, ತನ್ನ ಸಂಕೇತದ್ದು.

ಸ್ಕ್ಯಾನ್ ಚಿತ್ರ ಬಹಳ ಭಾರದ ಸರಕು. ಒಂದೇ ರೇಡಿಯೋ ಅಲೆಯ ತಲೆಯ ಮೇಲೆ ಅಷ್ಟನ್ನೂ ಹೊರಿಸಿದರೆ ದಾರಿಯಲ್ಲಿ ಚೆಲ್ಲಿಹೋಗುತ್ತದೆ. ಅದಕ್ಕೇ ನೂರಾರು ತೆಳ್ಳನೆಯ ಅಲೆಗಳಿಗೆ ತುಸುತುಸುವಾಗಿ ಹಂಚಿ ಕಳಿಸುತ್ತಾರೆ. ಸಾಮಾನ್ಯವಾಗಿ ಒಂದು ಏಳುವಾಗ ಇನ್ನೊಂದು ಇಳಿಯುತ್ತಿರುತ್ತದೆ, ಒಟ್ಟು ಮೊತ್ತ ಹದವಾಗಿರುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಬಹುಪಾಲು ಅಲೆಗಳು ಒಟ್ಟಿಗೇ ತಲೆ ಎತ್ತಿಬಿಡುತ್ತವೆ. ಆಗ ಸಂಕೇತ ಥಟ್ಟನೆ ಮುಗಿಲಿಗೆ ಹಾರುತ್ತದೆ. ಆಂಪ್ಲಿಫೈಯರ್ ಚಿಕ್ಕದಾಗಿದ್ದರೆ ಆ ತಲೆಯನ್ನು ಚಪ್ಪಟೆ ಮಾಡುತ್ತದೆ, ಚಿತ್ರ ಕೆಡುತ್ತದೆ. ಕೆಡಬಾರದೆಂದು ಕಾವಲಿ ಆಂಪ್ಲಿಫೈಯರನ್ನು ಆ ಅಪರೂಪದ ಎತ್ತರಕ್ಕೆ ಸಾಲುವಷ್ಟು ದೊಡ್ಡದು ಮಾಡಿದ್ದರು. ಉಳಿದ ಹೊತ್ತೆಲ್ಲ ಅದರ ಶಕ್ತಿ ಸುಮ್ಮನೆ ಕಾವಾಗಿ ಹೋಗುತ್ತಿತ್ತು.

ಆವತ್ತು ಊಟದ ಮೇಜಿನಲ್ಲಿ ಇದೇ ಮಾತು ಬಂತು. ಆಫೀಸಿನ ವಿಷಯ ಮನೆಗೆ ತರಬಾರದು ಎಂದು ಕಾವಲಿ ಮಾಡಿದ ಕಟ್ಟಳೆಯನ್ನು ದಿನಾ ಮುರಿಯುತ್ತಿದ್ದವರು ಅತ್ತೆ. ಗಂಡನ ಮುಖ ನೋಡಿಯೇ ಅವರಿಗೆ ಏನೋ ಆಗಿದೆ ಎಂದು ಗೊತ್ತಾಗಿತ್ತು. ಕೆದಕಿ ಕೆದಕಿ ಎಲ್ಲ ಕೇಳಿಸಿಕೊಂಡರು.

"ಅಂದರೆ ವರ್ಷಕ್ಕೊಂದು ಸಲ ಬರೋ ನೆಂಟರಿಗೆ ಅಂತ ದಿನಾ ಹಂಡೆ ತುಂಬ ನೀರು ಕಾಯಿಸ್ತಿದ್ದೀರಿ," ಎಂದರು ಅತ್ತೆ.

ಮಗ ನಕ್ಕ. ಕಾವಲಿ ನಗಲಿಲ್ಲ, ಹೌದು ಎಂದರು. ನೆಂಟರು ಯಾವ ಗಳಿಗೆಯಲ್ಲಿ ಬರುತ್ತಾರೋ ಗೊತ್ತಿಲ್ಲದ ಮನೆಯಲ್ಲಿ ಬೇರೆ ದಾರಿ ಏನಿದೆ ಎಂದು ಕೇಳಿದರು. ಅದಕ್ಕೆ ಅತ್ತೆಯ ಹತ್ತಿರವೂ ಉತ್ತರವಿತ್ತು: ಬಾಗಿಲಲ್ಲಿ ನಿಂತು ಒಬ್ಬೊಬ್ಬರಾಗಿ ಬನ್ನಿ ಎನ್ನುವವರು ಒಬ್ಬರು ಬೇಕು. ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಹಾಗೆ ಬಾಗಿಲಲ್ಲಿ ನಿಲ್ಲಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಕಂಪನಿಯ ಯಜಮಾನರು ಅವಳನ್ನು ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ, ಎದುರಿಗೆ ಕೂತವರಿಗೆ ನೋವಾಗುವ ಮಾತು ಹೇಳಬೇಕಾದಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವವರು. ಆವತ್ತೂ ಮುಚ್ಚಳ ಟಕಟಕ ಎನ್ನುತ್ತಿತ್ತು. ಸಂಕೇತದ ಎತ್ತರವನ್ನು ಚಿಪ್ಪಿನೊಳಗೇ ತಗ್ಗಿಸುವ ಉಪಾಯ ಅವಳಿಂದ ಆಗುತ್ತದೆಯೇ ಎಂದು ಕೇಳಿದರು. ಪ್ರಯತ್ನ ಮಾಡಬಹುದು ಎಂದಳು. ಹಾಗಾದರೆ ದೊಡ್ಡ ಆಂಪ್ಲಿಫೈಯರ್ ಬೇಕಾಗುವುದಿಲ್ಲ ಎಂದರು ಅವರು. ಅಂಗಡಿಯಲ್ಲಿ ಸಿಗುವ ಚಿಕ್ಕದನ್ನೇ ತಂದು ಕೂರಿಸಬಹುದು. ಪೆಟ್ಟಿಗೆ ಹಗುರವಾಗುತ್ತದೆ, ಫ್ಯಾನ್ ಬೇಡ, ಆಂಬ್ಯುಲೆನ್ಸಿನವರು ಎಲ್ಲ ಗಾಡಿಗಳಿಗೂ ತೆಗೆದುಕೊಳ್ಳುತ್ತಾರೆ. ಮುಚ್ಚಳವನ್ನು ಇನ್ನೊಮ್ಮೆ ತೆಗೆದು ಹಾಕಿ, ಆಮೇಲೆ ಆಂಪ್ಲಿಫೈಯರ್ ಮಾಡುವ ಬೆಂಚೂ, ಅಲ್ಲಿನ ಕೆಲಸವೂ ಬೇಕಾಗುವುದಿಲ್ಲ ಎಂದರು. ಅದನ್ನು ಸಮಯ ನೋಡಿ ತಾವೇ ಕಾವಲಿಗೆ ಹೇಳುವುದಾಗಿಯೂ, ಅಲ್ಲಿಯವರೆಗೆ ಮನೆಯಲ್ಲಿ ಈ ಮಾತು ಬೇಡವೆಂದೂ ಕೇಳಿಕೊಂಡರು.

ಅವಳು ತಲೆಯಾಡಿಸಿ ಹೊರಗೆ ಬಂದಳು. ಕಾವಲಿಯ ಬೆಂಚು ಕಿಟಕಿಯ ಪಕ್ಕದಲ್ಲಿತ್ತು. ಅವರು ಬೆಸುಗೆ ಹಾಕುತ್ತ, ತುಟಿ ಮುಂದೆ ಮಾಡಿ ಹೊಗೆಯನ್ನು ಆಚೆಗೆ ಊದುತ್ತಿದ್ದರು. ಅವಳಿಗೆ ಬೆಸುಗೆ ಕಲಿಸಿದ್ದೂ ಅದೇ ಬೆಂಚಿನಲ್ಲಿ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುತ್ತು ಬಾಯಿಗೆ ಬಿದ್ದ ಹಾಗಾಯಿತು.

ಆದರೂ ಕೆಲಸ ಶುರು ಮಾಡಿದಳು. ಅವಳ ಚಿಪ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಚಿಪ್ ಅಲ್ಲ. ಒಳಗಿನ ಸರ್ಕ್ಯೂಟನ್ನು ನಾವೇ ಬರೆದು, ಬೇಡವೆನಿಸಿದರೆ ಅಳಿಸಿ ಮತ್ತೆ ಬರೆಯಬಹುದಾದ ಜಾತಿಯದು. ಎಫ್‌ಪಿಜಿಎ ಎನ್ನುತ್ತಾರೆ. ಮೊದಲು ಸುಲಭದ ದಾರಿ ಹಿಡಿದಳು: ಒಂದು ಎತ್ತರದ ಗೆರೆ ಹಾಕಿ, ಅದನ್ನು ದಾಟಿದ ತಲೆಗಳನ್ನೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸಿಹಾಕುವುದು. ಕೆಲವೇ ದಿನಗಳಲ್ಲಿ ಆಯಿತು. ಚಿಕ್ಕ ಆಂಪ್ಲಿಫೈಯರ್ ಹಾಕಿ ನೋಡಿದರೆ ಪೆಟ್ಟಿಗೆ ತಣ್ಣಗೇ ಇತ್ತು, ಚಿತ್ರವೂ ಬರುತ್ತಿತ್ತು. ಯಜಮಾನರು ಖುಷಿಯಾಗಿ ಎಲ್ಲರಿಗೂ ಟೀ ತರಿಸಿದರು.

ಅಳತೆ ತೆಗೆದು ಒಪ್ಪಿಗೆ ಕೊಡುವುದು ಕಾವಲಿಯ ಕೆಲಸವಾಗಿತ್ತು. ಅವರು ಟೀ ಕಪ್ಪನ್ನು ಮೀಟರಿನ ಮೇಲೆ ಇಟ್ಟು, ಪರದೆಯನ್ನು ಬಹಳ ಹೊತ್ತು ನೋಡಿದರು. ತಮ್ಮ ಸಂಕೇತಕ್ಕೆ ಕೊಟ್ಟಿದ್ದ ತರಂಗಾಂತರದ ಜಾಗದ ಆಚೆ ಈಚೆ, ಎರಡೂ ಕಡೆ, ಮೊದಲು ಇಲ್ಲದಿದ್ದ ಭುಜಗಳು ಎದ್ದಿದ್ದವು. ತಲೆ ಕತ್ತರಿಸಿದ ಚೂರುಗಳೆಲ್ಲ ಪಕ್ಕದ ಜಾಗಕ್ಕೆ ಸಿಡಿಯುತ್ತಿದ್ದವು. ಆ ಪಕ್ಕದ ಜಾಗ ಯಾರದು ಎಂದು ಕೇಳಿದರು. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಎದೆಗೆ ಕಟ್ಟುವ ವೈರ್‌ಲೆಸ್ ಮಾನಿಟರುಗಳದು ಎಂದು ಅವಳು ಮೆಲ್ಲಗೆ ಹೇಳಿದಳು.

ಯಜಮಾನರು, ಮಿತಿ ಮೀರಿರುವುದು ಕೂದಲೆಳೆಯಷ್ಟು, ಅಷ್ಟಕ್ಕೆ ಏನೂ ಆಗುವುದಿಲ್ಲ ಎಂದರು.

"ನಮ್ಮ ಮನೆ ಕಸ ಗುಡಿಸಿ ಪಕ್ಕದ ಮನೆ ಬಾಗಿಲಿಗೆ ಹಾಕಿದ ಹಾಗಾಯ್ತು," ಎಂದರು ಕಾವಲಿ. "ಆಂಬ್ಯುಲೆನ್ಸ್ ನಿಲ್ಲೋದೇ ಆ ವಾರ್ಡಿನ ಬಾಗಿಲಲ್ಲಿ. ನಾನು ಸಹಿ ಹಾಕಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, ಇದಕ್ಕಿಂತ ಒಳ್ಳೆಯ ದಾರಿ ಇರಬೇಕಲ್ಲ ಮೇಡಂ ಎಂದು ಕೇಳಿದರು. ಆಫೀಸಿನಲ್ಲಿ ಅವಳನ್ನು ಕೆಣಕಬೇಕಾದಾಗ ಅವರು ಮೇಡಂ ಎನ್ನುತ್ತಿದ್ದರು.

ಒಳ್ಳೆಯ ದಾರಿ ಇತ್ತು, ಕಷ್ಟದ್ದು. ನೂರಾರು ಅಲೆಗಳಲ್ಲಿ ಕೆಲವನ್ನು ಬದಿಗಿಡುವುದು. ಅವು ಚಿತ್ರದ ಒಂದು ಚುಕ್ಕೆಯನ್ನೂ ಹೊರುವುದಿಲ್ಲ. ಉಳಿದವು ಎಲ್ಲಿ ಒಟ್ಟಿಗೆ ತಲೆ ಎತ್ತುತ್ತವೋ ಅಲ್ಲಿ ಸರಿಯಾಗಿ ಎದುರು ದಿಕ್ಕಿಗೆ ಜಗ್ಗುವುದಷ್ಟೇ ಅವುಗಳ ಕೆಲಸ. ಏನನ್ನೂ ಕತ್ತರಿಸುವುದಿಲ್ಲ, ಹಾಗಾಗಿ ಚೂರುಗಳೂ ಇಲ್ಲ. ಆಸ್ಪತ್ರೆಯ ಕಡೆ ಆ ಕೆಲವು ಅಲೆಗಳನ್ನು ಓದದೆ ಬಿಟ್ಟರಾಯಿತು.

ಯಾವ ಅಲೆಗಳನ್ನು ಬದಿಗಿಡುವುದು ಎಂಬಲ್ಲಿ ಅವಳು ಎಡವಿದಳು. ಚೊಕ್ಕವಾಗಿರಲಿ ಎಂದು ಸಮ ಅಂತರದಲ್ಲಿ ಆರಿಸಿಕೊಂಡಳು. ಒಂದು ಕಡೆ ತಲೆ ತಗ್ಗಿಸಿದರೆ ಇನ್ನೊಂದು ಕಡೆ ಅಷ್ಟೇ ಎತ್ತರದ ತಲೆ ಏಳುತ್ತಿತ್ತು. ಅದನ್ನು ತಗ್ಗಿಸಿದರೆ ಮೊದಲಿನ ಕಡೆ ಮತ್ತೆ. ಗಾಳಿ ತುಂಬಿದ ದಿಂಬನ್ನು ಒತ್ತಿದ ಹಾಗೆ. ವಾರಗಟ್ಟಲೆ ಅವಳು ಲೆಕ್ಕದಲ್ಲಿ ತಪ್ಪು ಹುಡುಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೆ ಒಂದು ಭಾನುವಾರ ಬಟ್ಟೆ ಒಣಹಾಕುತ್ತ ನಿಂತಾಗ ಹೊಳೆಯಿತು: ತಪ್ಪು ಆ ಚೊಕ್ಕತನದಲ್ಲೇ ಇದೆ. ಸಮ ಅಂತರದ ಅಲೆಗಳು ಒಂದೇ ಜಾಗದಲ್ಲಿ ಕೂಡುವುದಿಲ್ಲ; ಕವಾಯತಿನವರ ಹಾಗೆ ಮತ್ತೆ ಮತ್ತೆ, ಹಲವು ಜಾಗಗಳಲ್ಲಿ ಕೂಡುತ್ತವೆ. ಅವು ಎರ್ರಾಬಿರ್ರಿಯಾಗಿ ಹರಡಿರಬೇಕು. ಒಂದು ಕಡೆ ಮಾತ್ರ ಬಲವಾಗಿ ಕೂಡಿ, ಉಳಿದ ಕಡೆ ಚದುರಿಹೋಗಬೇಕು. ಗಂಡನ ಒದ್ದೆ ಅಂಗಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಆ ಅಂಗಿ ಸಂಜೆಯವರೆಗೂ ಕುರ್ಚಿಯ ಮೇಲೇ ಇತ್ತು. ಗಂಡನೇ ಎತ್ತಿಕೊಂಡು ಹೋಗಿ ಹಿಂಡಿ ಒಣಹಾಕಿದ.

ಇನ್ನು ಉಳಿದದ್ದು ವೇಗದ ಪ್ರಶ್ನೆ. ಸಂಕೇತದ ಒಂದು ತುಂಡು ಹೊರಗೆ ಹೋಗುವುದರೊಳಗೆ ಮುಂದಿನ ತುಂಡಿನಲ್ಲಿ ತಲೆ ಎಲ್ಲಿದೆ ಎಂದು ಹುಡುಕಿ, ಜಗ್ಗಿ, ಮತ್ತೆ ಹುಡುಕಬೇಕು. ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿದರೆ ಚಿಪ್ಪಿಗೆ ಪುರುಸೊತ್ತು ಸಾಲದು. ಜಗ್ಗುವ ಆಕಾರವನ್ನು ಒಮ್ಮೆ ಲೆಕ್ಕ ಹಾಕಿ ಚಿಪ್ಪಿನ ನೆನಪಿನಲ್ಲಿ ಇಟ್ಟುಕೊಂಡು, ತಲೆ ಎದ್ದ ಕಡೆಗೆ ಅದನ್ನೇ ಸರಿಸಿ ಕಳೆಯುವ ಹಾಗೆ ಮಾಡಿದಳು. ಅದೂ ಆಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳೊಬ್ಬಳೇ ಕೂತು ಪರದೆ ನೋಡಿದಳು. ಗೆರೆ ಹದವಾಗಿ ಓಡುತ್ತಿತ್ತು. ಪಕ್ಕದ ಜಾಗ ಒರೆಸಿಟ್ಟ ಹಾಗೆ ಸ್ವಚ್ಛವಾಗಿತ್ತು.

ಅವಳು ಯಾರಿಗೂ ಹೇಳಲಿಲ್ಲ.

ಇನ್ನೊಂದು ಸಲ ಪರೀಕ್ಷೆ ಮಾಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಚಳಿಯಲ್ಲಿ ಹೇಗೆ, ಸೆಕೆಯಲ್ಲಿ ಹೇಗೆ ಎಂದು ನೋಡಬೇಕೆಂದಳು. ಯಜಮಾನರು ಕೇಳಿದಾಗಲೆಲ್ಲ ಸ್ವಲ್ಪ ಬಾಕಿ ಇದೆ ಎಂದಳು. ಬಾಕಿ ಏನೂ ಇರಲಿಲ್ಲ. ಬೆಳಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೂಕಡಿಸುವ ಮಾವನ ಮುಖ ನೋಡಿದಾಗ, ಇನ್ನೊಂದು ವಾರ ಹೋಗಲಿ ಎನಿಸುತ್ತಿತ್ತು. ಏನಾಗಿದೆ ನಿನಗೆ ಎಂದು ಗಂಡ ಕೇಳಿದ. ಕಣ್ಣು ನೋಯುತ್ತಿದೆ ಎಂದಳು. ಅವನು ಪಾಪ, ಅದನ್ನೇ ನಂಬಿ ಅಂಗಡಿಗೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿದ. ಕಣ್ಣು ಚೆನ್ನಾಗಿಯೇ ಇತ್ತು.

ಕಾವಲಿಗೆ ತಿಳಿದದ್ದು ಬಹಳ ಸಾದಾ ರೀತಿಯಲ್ಲಿ. ಒಂದು ದಿನ ಅವಳು ಚಿಪ್ ಕೂರಿಸಿದ ಬೋರ್ಡನ್ನು ಅವರ ಬೆಂಚಿನ ಮೇಲೆ ಬಿಟ್ಟು ಹೊರಗೆ ಹೋಗಿದ್ದಳು. ಆನ್ ಆಗಿಯೇ ಇತ್ತು. ಸಂಜೆ ಬಸ್ ಸ್ಟಾಪಿನಲ್ಲಿ, ಬಸ್ಸು ಬಂದು ನಿಂತರೂ ಅವರು ಕೂತಲ್ಲಿಂದ ಏಳಲಿಲ್ಲ. ಬಸ್ಸು ಹೊರಟುಹೋಯಿತು.

"ಯಾವಾಗಿಂದ ಆಗಿದೆ ಅದು?" ಎಂದು ಕೇಳಿದರು.

ಅವಳು ಏನು ಮಾವ ಎಂದಳು.

"ಗೊತ್ತಿಲ್ಲದವಳ ಹಾಗೆ ಕೇಳಬೇಡ. ಬೋರ್ಡಿಗೆ ಸ್ಕೋಪ್ ಹಚ್ಚಿ ಪರದೆ ಮೇಲೆ ಅಲೆ ನೋಡಿದೆ. ಒಂದಾದರೂ ತಲೆ ಎತ್ತುತ್ತೇನೋ ಅಂತ ಟೀ ಆರೋವರೆಗೂ ಕಾದೆ. ಒಂದೂ ಏಳಲಿಲ್ಲ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಯಜಮಾನರು ಕರೆದದ್ದು, ಬೆಂಚಿನ ಮಾತು, ತನ್ನ ತಡ, ಎಲ್ಲವನ್ನೂ ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. ಬೆಂಚಿನ ವಿಷಯ ಮಾವನಿಗೆ ಆಗಲೇ ಗೊತ್ತಿತ್ತು. ಯಜಮಾನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನು ಬಿಟ್ಟಾಗಲೇ ತಿಳಿಯಿತು ಎಂದರು.

"ನಿಮಗೆ ಹೇಗೆ ಹೇಳಲಿ ಅಂತ..." ಎಂದು ಅವಳು ಶುರು ಮಾಡಿದಳು.

"ನನಗೆ ಹೇಳದೇ ಇದ್ದದ್ದು ಇರಲಿ. ಈ ದಿನಗಳಲ್ಲಿ ಆ ಗಾಡಿ ಎಷ್ಟು ಸಲ ಹೋಗಿ ಬಂದಿದೆ? ಸಿಸ್ಟರ್ ಬಂದು ಹೇಳಿದ್ದು ಮರೆತುಹೋಯ್ತಾ?" ಅವರ ದನಿ ಏರಲಿಲ್ಲ. "ಸುಲಭದ್ದು ಬೇಡ, ಒಳ್ಳೇದು ಮಾಡು ಅಂದೆ. ಮಾಡಿ ಬಚ್ಚಿಟ್ಟುಕೋ ಅನ್ನಲಿಲ್ಲ. ನನ್ನ ಹೆಸರಲ್ಲಿ ಯಾರ ಚಿತ್ರನೂ ನಿಲ್ಲಬಾರದು."

ಮುಂದಿನ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದರು.

ಮರುದಿನ ಬೆಳಗ್ಗೆ ಅವಳು ಎಲ್ಲವನ್ನೂ ಯಜಮಾನರ ಮುಂದಿಟ್ಟಳು. ಕಾವಲಿ ಅಳತೆ ತೆಗೆದು, ಕನ್ನಡಕ ಏರಿಸಿಕೊಂಡು, ಸಹಿ ಹಾಕಿದರು. ಆದರೆ ಮನೆಯಲ್ಲಿ ಅವಳ ಜೊತೆ ಮಾತು ನಿಂತಿತು. ಉಪ್ಪು ಬೇಕಾದರೆ ಮಗನನ್ನು ಕೇಳುತ್ತಿದ್ದರು, ಉಪ್ಪು ಅವಳ ಕೈ ಹತ್ತಿರವೇ ಇದ್ದರೂ. ಅವಳು ತಟ್ಟೆ ತೊಳೆಯುವ ನೆಪದಲ್ಲಿ ಅಡುಗೆಮನೆಯಲ್ಲೇ ಉಳಿಯತೊಡಗಿದಳು.

ಒಂದು ಸಂಜೆ ಅತ್ತೆ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡು ಪಕ್ಕಕ್ಕೆ ಇಟ್ಟರು. ತೊಳೆದದ್ದನ್ನೇ ಎಷ್ಟು ಸಲ ತೊಳೀತೀಯ, ತಳ ತೂತಾಗುತ್ತೆ ಎಂದರು. ಬೆಂಚು ಹೋಗುವುದಕ್ಕೆ ಮಾವನಿಗೆ ಇಷ್ಟು ಕೋಪವೇ ಎಂದು ಅವಳು ಕೇಳಿದಳು.

"ಬೆಂಚಿಗೆ ಬೇಜಾರು ಇದೆ. ಇಲ್ಲ ಅಂತ ಯಾರು ಹೇಳಿದ್ರು? ಮೊನ್ನೆ ಹಿತ್ತಿಲ ಬಾಗಿಲಲ್ಲಿ ಒಬ್ಬರೇ ಕೂತಿದ್ದರು, ನಾನು ಕರೆದಿದ್ದು ಕೇಳಿಸಲೇ ಇಲ್ಲ." ಅತ್ತೆ ಕೈ ಒರೆಸಿಕೊಂಡರು. "ಕೋಪ ಬೇರೆ. ನೀನು ಅವರನ್ನ ಅಯ್ಯೋ ಪಾಪ ಅಂದುಕೊಂಡೆಯಲ್ಲ, ಅದು. ಬೈದರೆ ತಡಕೊಳ್ತಾರೆ, ಪಾಪ ಅಂದರೆ ತಡಕೊಳ್ಳಲ್ಲ. ನಾನು ಮದುವೆಯಾದ ಹೊಸದರಲ್ಲೇ ಕಲಿತ ಪಾಠ."

ಅವಳಿಗೆ ಅಳು ಬಂತು. ಅತ್ತೆ ಸಮಾಧಾನ ಮಾಡಲಿಲ್ಲ. ಸೆರಗಿನ ತುದಿಯನ್ನು ಅವಳ ಕಡೆ ಚಾಚಿ, ಆಮೇಲೆ ದೀಪ ಆರಿಸಿ ಬಾ ಎಂದು ಹೇಳಿ ಹೋದರು.

ಹೊಸ ಪೆಟ್ಟಿಗೆಯ ಪರೀಕ್ಷೆಗೆ ಬೇಕೆಂದೇ ಬಿರುಬಿಸಿಲಿನ ದಿನ ಆರಿಸಿದರು. ಕಾವಲಿ ತಾವೂ ಗಾಡಿಯಲ್ಲಿ ಬರುತ್ತೇನೆ ಎಂದರು. ರೋಗಿ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಯಜಮಾನರೇ ಕೋಟು ಕಳಚಿ ಸ್ಟ್ರೆಚರ್ ಮೇಲೆ ಮಲಗಿದರು. ನರ್ಸ್ ಅವರ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದಾಗ ಸಣ್ಣಗೆ ಕಿರುಚಿದರು. ಡ್ರೈವರ್ ಸೇತುವೆ, ಕಿಕ್ಕಿರಿದ ಮಾರುಕಟ್ಟೆ, ಎತ್ತರದ ಕಟ್ಟಡಗಳ ಸಂದಿ ಎಲ್ಲ ಕಡೆ ಸುತ್ತಿಸಿದ. ಕಾವಲಿ ಒಂದು ಬದಿಯ ಸೀಟಿನಲ್ಲಿ, ಸೊಸೆ ಎದುರಿನ ಸೀಟಿನಲ್ಲಿ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಕೊನೆಗೆ ಆಸ್ಪತ್ರೆಯ ಡಾಕ್ಟರ ದನಿ ಸ್ಪೀಕರಿನಲ್ಲಿ ಬಂತು. ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ, ರೋಗಿಗೆ ಗಾಬರಿಪಡುವಂಥದ್ದೇನೂ ಇಲ್ಲ, ಹೊಟ್ಟೆಯಲ್ಲಿ ಗಾಳಿ ಮಾತ್ರ ಬಹಳ ಇದೆ ಎಂದಿತು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದರು. ಮೊದಲು ಜೋರಾಗಿ ನಕ್ಕವರು ಕಾವಲಿ. ಸೊಸೆಯೂ ನಕ್ಕಳು. ಆ ನಗುವಿನಲ್ಲಿ ಇಬ್ಬರ ಕಣ್ಣು ಒಂದು ಕ್ಷಣ ಕೂಡಿದವು. ಅವರು ಕಣ್ಣು ತಿರುಗಿಸಲಿಲ್ಲ.

"ಚೆನ್ನಾಗಿ ಮಾಡಿದ್ದೀಯ," ಎಂದರು. ಮೇಡಂ ಎನ್ನಲಿಲ್ಲ.

ಅಂಗಡಿಯಿಂದ ತಂದ ಚಿಕ್ಕ ಆಂಪ್ಲಿಫೈಯರಿನಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಎಲ್ಲೋ ಒಂದು ಕಡೆ ಅದು ಕೈ ಕೊಡಲಿ, ಕಾವಲಿಯನ್ನು ಮತ್ತೆ ಕರೆಯಬೇಕಾಗಲಿ ಎಂದು ಸೊಸೆ ಒಳಗೊಳಗೇ ಬಯಸಿದ್ದಳು. ಹಾಗೇನೂ ಆಗಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಎಲ್ಲ ಗಾಡಿಗಳಲ್ಲೂ ಹೊಸ ಪೆಟ್ಟಿಗೆ ಬಂತು. ಯಜಮಾನರು ಕಾವಲಿಗೆ ಸಲಹೆಗಾರರಾಗಿ ಉಳಿಯಿರಿ ಎಂದರು, ಪೆನ್ನಿನ ಮುಚ್ಚಳ ಟಕಟಕ ಮಾಡುತ್ತ. ಸಲಹೆ ಬೇಕಾದಾಗ ಮನೆಗೆ ಬನ್ನಿ, ನನ್ನ ಹೆಂಡತಿ ನನಗಿಂತ ಚೆನ್ನಾಗಿ ಕೊಡುತ್ತಾಳೆ ಎಂದು ಹೇಳಿ ಕಾವಲಿ ಕೈಕುಲುಕಿದರು. ಬೀಳ್ಕೊಡುಗೆಯ ದಿನ ಬೆಸುಗೆಯ ಕೋಲನ್ನಷ್ಟೇ ಕಾಗದದಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು. ಬೆಂಚು ಖಾಲಿಯಾಯಿತು. ಕಿಟಕಿ ಪಕ್ಕದ ಒಳ್ಳೆಯ ಜಾಗ, ನೀನೇ ತೆಗೆದುಕೋ ಎಂದು ಎಲ್ಲರೂ ಅವಳಿಗೆ ಹೇಳಿದರು. ಅವಳಿಗೆ ಬಹಳ ದಿನ ಮನಸ್ಸಾಗಲಿಲ್ಲ. ಆಮೇಲೆ ಅಲ್ಲಿಗೇ ಹೋದಳು. ಬೆಳಕು ನಿಜಕ್ಕೂ ಚೆನ್ನಾಗಿತ್ತು.

ಮನೆಯಲ್ಲಿ ಮೊದಮೊದಲು ಕಷ್ಟವಾಯಿತು. ಕಾವಲಿಗೆ ಹಗಲು ಹೇಗೆ ಕಳೆಯಬೇಕೆಂದು ತಿಳಿಯಲಿಲ್ಲ. ಚೆನ್ನಾಗಿದ್ದ ಮಿಕ್ಸರ್ ಬಿಚ್ಚಿ ರಿಪೇರಿ ಮಾಡಿದರು. ಅದು ಅಲ್ಲಿಯವರೆಗೆ ಇಲ್ಲದ ಸದ್ದು ಮಾಡತೊಡಗಿತು. ಅತ್ತೆ, ಇನ್ನು ನನ್ನನ್ನೊಂದು ಬಿಚ್ಚುವುದು ಬಾಕಿ ಎಂದರು. ಕೆಲವು ದಿನ ಅವರು ಯಾರ ಜೊತೆಯೂ ಹೆಚ್ಚು ಮಾತಾಡದೆ ಸುಮ್ಮನೆ ಬಹಳ ದೂರ ನಡೆದುಕೊಂಡು ಹೋಗಿ ಬರುತ್ತಿದ್ದರು. ಸೊಸೆ ಏನೂ ಕೇಳುತ್ತಿರಲಿಲ್ಲ. ಪಾಪ ಎನ್ನದಿರುವುದನ್ನು ಅವಳು ಕಲಿಯುತ್ತಿದ್ದಳು, ಅದು ಬೆಸುಗೆಗಿಂತ ಕಷ್ಟದ್ದಾಗಿತ್ತು.

ಒಂದು ಸಂಜೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಅವರು ನಡುಮನೆಯಿಂದ ಕರೆದರು. ನಡೆಯುವಾಗ ತಲೆಯಲ್ಲಿ ಒಂದು ಸಂಶಯ ಬಂದಿದೆ, ನಗಬೇಡ ಎಂದರು. ಅವಳು ಚೀಲ ಕೆಳಗಿಟ್ಟು ಎದುರಿಗೆ ಕೂತಳು.

"ನೀನು ಬದಿಗಿಟ್ಟ ಅಲೆಗಳು ಯಾವಾಗಲೂ ಅವೇನಾ?"

ಹೌದು ಎಂದಳು.

"ಗಾಡಿ ಊರಲ್ಲಿ ಓಡುವಾಗ ಕೆಲವು ಅಲೆಗಳು ಕಟ್ಟಡಕ್ಕೆ ಬಡಿದು ಹೇಗಿದ್ದರೂ ದಾರಿಯಲ್ಲೇ ಸತ್ತುಹೋಗ್ತವೆ. ಅವು ಯಾವು ಅಂತ ಆಸ್ಪತ್ರೆ ಕಡೆಯವರು ಹೇಳಿದರೆ, ಅವನ್ನೇ ಜಗ್ಗೋ ಕೆಲಸಕ್ಕೆ ಹಾಕಬಾರದಾ? ಚೆನ್ನಾಗಿರೋದನ್ನ ಯಾಕೆ ಖಾಲಿ ಕೂರಿಸ್ತೀಯ?"

ಅವಳು ಆಗುವುದಿಲ್ಲ ಎನ್ನಲು ಬಾಯಿ ತೆರೆದಳು. ಸಾಯುವ ಅಲೆಗಳು ಒಂದರ ಪಕ್ಕ ಒಂದು ಗುಂಪಾಗಿ ಸಾಯುತ್ತವೆ, ಜಗ್ಗುವವು ಎರ್ರಾಬಿರ್ರಿಯಾಗಿ ಹರಡಿರಬೇಕು. ಮೇಲಾಗಿ ಗಾಡಿ ತಿರುಗಿದಾಗಲೆಲ್ಲ ಪಟ್ಟಿ ಬದಲಾಗುತ್ತದೆ, ಜಗ್ಗುವ ಆಕಾರವನ್ನೂ ಹೊಸದಾಗಿ ಲೆಕ್ಕ ಹಾಕಬೇಕು ಎಂದಳು. ಅವರು ಅಷ್ಟಕ್ಕೆ ಬಿಡಲಿಲ್ಲ. ಎಲ್ಲವನ್ನೂ ಬದಲಿಸಬೇಡ, ಅರ್ಧ ಅವು, ಅರ್ಧ ಇವು ಎಂದು ಇಟ್ಟರೆ ಎಂದು ಕೇಳಿದರು. ಅವಳು ತೊಡೆಯ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದಳು.

"ಏನು?" ಎಂದರು ಕಾವಲಿ.

"ಗೊತ್ತಿಲ್ಲ ಮಾವ," ಎಂದಳು. "ನಿಜವಾಗಲೂ ಗೊತ್ತಿಲ್ಲ."

ಒಳಗಿನಿಂದ ಅತ್ತೆ, ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೂಗಿದರು. ಗಂಡ ಆಗಲೇ ಕೈ ತೊಳೆದು ಕೂತಿದ್ದ. ಇವರಿಬ್ಬರನ್ನು ನೋಡಿ, ಅವರಿಗೆ ಕಾಯಬೇಡಮ್ಮ, ನಮಗೆ ಬಡಿಸು ಎಂದ. ಅವಳು ಪೆನ್ಸಿಲ್ ಹುಡುಕಲು ಎದ್ದಳು.